ಮರಕುಂಬಿ: ಕಟಿಂಗ್ ಅಂಗಡಿಯಿಂದ ಸೆಷನ್ಸ್ ಕೋರ್ಟಿನವರೆಗೆ

2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಒಂದೇ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇನ್ನು ಮೂವರಿಗೆ ಐದು ವರ್ಷದ ಕಠಿಣ ಸಜೆ. ಮರುದಿನದ ಪತ್ರಿಕೆಗಳಲ್ಲಿ ಆ ಸಂಖ್ಯೆಯದ್ದೇ ಸುದ್ದಿ. ಆದರೆ ಗಂಗಾವತಿ ತಾಲ್ಲೂಕಿನ ಮರಕುಂಬಿಯ ಈ ಪ್ರಕರಣ ಹುಟ್ಟಿದ್ದು ತೀರಾ ಸಣ್ಣ ಪ್ರಶ್ನೆಯಿಂದ: ಊರಿನ ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಯಾರು ಕೂರಬಹುದು, ಹೋಟೆಲಿನ ಒಳಗೆ ಕೂತು ಯಾರು ಚಹಾ ಕುಡಿಯಬಹುದು? ಆ ಪ್ರಶ್ನೆಗೂ ಈ ಶಿಕ್ಷೆಗೂ ನಡುವೆ ಹತ್ತು ವರ್ಷಕ್ಕೆ ಮೇಲಾಯಿತು. ಈ ಅವಧಿಯಲ್ಲಿ ಕಾನೂನು ಎಲ್ಲಿ ಕೆಲಸ ಮಾಡಿತು, ಎಲ್ಲಿ ಕೈಕಟ್ಟಿ ಕೂತಿತು ಎಂದು ನೋಡುವುದು ಈ ಬರಹದ ಕೆಲಸ.

ನಡೆದದ್ದು

ಮರಕುಂಬಿಯಲ್ಲಿ ದಲಿತರಿಗೆ ಕ್ಷೌರದ ಅಂಗಡಿ ಮತ್ತು ಹೋಟೆಲುಗಳಲ್ಲಿ ಪ್ರವೇಶ ಸಿಗುತ್ತಿರಲಿಲ್ಲ. ಕೇರಿಯ ಯುವಕರು ಅದನ್ನು ಪ್ರಶ್ನಿಸಿದ ಮೇಲೆ ಊರಿನಲ್ಲಿ ಬಿಗುವು ಬೆಳೆಯಿತು. 2014ರ ಆಗಸ್ಟ್ 28ರಂದು ಗಂಗಾವತಿ ಪಟ್ಟಣಕ್ಕೆ ಸಿನಿಮಾ ನೋಡಲು ಹೋದವರ ನಡುವೆ ಜಗಳವಾಗಿ, ಅದು ಊರಿಗೆ ಬಂದು ಗುಂಪಾಗಿ ತಿರುಗಿತು. ದಲಿತ ಕೇರಿಯ ಮೇಲೆ ದಾಳಿ ನಡೆಯಿತು, ಜನರನ್ನು ಹೊಡೆದರು, ಮನೆಗಳಿಗೆ ಬೆಂಕಿ ಬಿತ್ತು. ಪೊಲೀಸರು 117 ಮಂದಿಯ ಮೇಲೆ ಆರೋಪ ಹೊರಿಸಿದರು. ರಾಜ್ಯದ ಹಲವೆಡೆ ಪ್ರತಿಭಟನೆಗಳಾದವು, ಮರಕುಂಬಿಯಿಂದ ಬೆಂಗಳೂರಿಗೆ ಜಾಥಾ ಹೋಯಿತು. ವಿಚಾರಣೆ ಮುಗಿಯುವ ಮೊದಲೇ ಹಲವು ಆರೋಪಿಗಳು ತೀರಿಕೊಂಡರು. 2024ರ ಅಕ್ಟೋಬರ್ 21ರಂದು 101 ಮಂದಿ ತಪ್ಪಿತಸ್ಥರೆಂದು ನ್ಯಾಯಾಲಯ ಘೋಷಿಸಿತು, ಮೂರು ದಿನದ ನಂತರ ಶಿಕ್ಷೆ ಪ್ರಕಟಿಸಿತು.

ಆ ಮೂವರಿಗೆ ಮಾತ್ರ ಕಡಿಮೆ ಶಿಕ್ಷೆ ಏಕೆ ಎಂದು ಹಲವರು ಕೇಳಿದ್ದುಂಟು. ಉತ್ತರ ಸರಳ: ಅವರು ಪರಿಶಿಷ್ಟ ಸಮುದಾಯಗಳಿಗೇ ಸೇರಿದವರು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989, ಈ ಸಮುದಾಯಗಳಿಗೆ ಸೇರದವರ ಕೃತ್ಯಕ್ಕೆ ಮಾತ್ರ ಅನ್ವಯಿಸುತ್ತದೆ. ಹಾಗಾಗಿ ಅವರ ಮಟ್ಟಿಗೆ ಉಳಿದದ್ದು ಭಾರತೀಯ ದಂಡ ಸಂಹಿತೆ ಮಾತ್ರ. ಒಂದೇ ಗುಂಪಿನಲ್ಲಿ ನಿಂತವರಿಗೆ ಜಾತಿ ಪ್ರಮಾಣಪತ್ರದ ಮೇಲೆ ಶಿಕ್ಷೆ ಬೇರೆಯಾಯಿತಲ್ಲ ಎಂದು ಕೆಲವರಿಗೆ ವಿಚಿತ್ರ ಅನ್ನಿಸಿದೆ. ಆದರೆ ಕಾಯ್ದೆ ಹುಟ್ಟಿದ್ದೇ ಆ ವ್ಯತ್ಯಾಸದ ಮೇಲೆ.

ಐನೂರು ರೂಪಾಯಿಯ ಅಪರಾಧ

2014ರಲ್ಲಿ ಒಬ್ಬ ದಲಿತನಿಗೆ ಕ್ಷೌರ ಮಾಡಲು ನಿರಾಕರಿಸಿದರೆ ಯಾವ ಕಾನೂನು? ಮುಖ್ಯವಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1955. ಅದರ ಸೆಕ್ಷನ್ 4 ಅಂಗಡಿ, ಹೋಟೆಲುಗಳ ಪ್ರವೇಶಕ್ಕೆ ಸಂಬಂಧಿಸಿದ್ದು. ಸೆಕ್ಷನ್ 6 ಸೇವೆ ಕೊಡಲು ಅಥವಾ ಸರಕು ಮಾರಲು ನಿರಾಕರಿಸುವುದಕ್ಕೆ ಸಂಬಂಧಿಸಿದ್ದು. ಮೊದಲ ಅಪರಾಧಕ್ಕೆ ಶಿಕ್ಷೆ ಒಂದು ತಿಂಗಳಿಂದ ಆರು ತಿಂಗಳು, ದಂಡ ನೂರರಿಂದ ಐನೂರು ರೂಪಾಯಿ. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿ ಬಂದು, 2016ರ ಜನವರಿ 26ರಿಂದ ಜಾರಿಯಾದ ಮೇಲೆ ಅಂಗಡಿಯಂಥ ಸಾರ್ವಜನಿಕ ಸ್ಥಳಕ್ಕೆ ತಡೆ, ಸಾಮಾಜಿಕ ಬಹಿಷ್ಕಾರ ಇವೆಲ್ಲ ಆ ಕಾಯ್ದೆಯೊಳಗೇ ಬಂದವು. ಶಿಕ್ಷೆ ಆರು ತಿಂಗಳಿಂದ ಐದು ವರ್ಷಕ್ಕೆ ಏರಿತು. ಆದರೆ ಕೃತ್ಯ ನಡೆದ ದಿನ ಇಲ್ಲದ ಶಿಕ್ಷೆಯನ್ನು ಆಮೇಲೆ ಹೇರುವಂತಿಲ್ಲ ಎಂದು ಸಂವಿಧಾನದ 20(1)ನೇ ವಿಧಿ ಹೇಳುತ್ತದೆ. ಆದ್ದರಿಂದ ಮರಕುಂಬಿಯ ಕ್ಷೌರ ನಿರಾಕರಣೆಗೆ ಅನ್ವಯಿಸುವುದು 1955ರ ಹಳೆಯ ಕಾಯ್ದೆಯೇ.

ಹಳೆಯ 1955ರ ಕಾಯ್ದೆಯನ್ನು ಹಲ್ಲಿಲ್ಲದ್ದೆಂದು ಬದಿಗಿಡುವ ರೂಢಿ ಇದೆ. ಅದು ಪೂರ್ತಿ ಸರಿಯಲ್ಲ. ಅದರ ಸೆಕ್ಷನ್ 12ರ ಪ್ರಕಾರ, ನಿರಾಕರಣೆಗೆ ಒಳಗಾದವನು ಪರಿಶಿಷ್ಟ ಜಾತಿಯವನಾಗಿದ್ದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಯಿತೆಂದು ನ್ಯಾಯಾಲಯ ಊಹಿಸಿಕೊಳ್ಳಬೇಕು. ಅಲ್ಲವೆಂದು ತೋರಿಸುವ ಹೊರೆ ಅಂಗಡಿಯವನದು. ಸೆಕ್ಷನ್ 8ರ ಪ್ರಕಾರ, ಸೆಕ್ಷನ್ 6ರಲ್ಲಿ ಶಿಕ್ಷೆಯಾದವನ ವ್ಯಾಪಾರದ ಪರವಾನಗಿಯನ್ನು ರದ್ದು ಮಾಡಲು ನ್ಯಾಯಾಲಯ ಆದೇಶಿಸಬಹುದು. ಸೆಕ್ಷನ್ 10ಎ ಪ್ರಕಾರ, ಇಡೀ ಊರೇ ಇಂಥ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟರೆ ರಾಜ್ಯ ಸರ್ಕಾರ ಊರಿನ ಮೇಲೆ ಸಾಮೂಹಿಕ ದಂಡ ಹೇರಬಹುದು. ಪುಸ್ತಕದಲ್ಲಿ ಹಲ್ಲು ಇವೆ. ಕಚ್ಚುವವರಿಲ್ಲ.

ಯಾಕೆ ಇಲ್ಲ? ಈ ಭಾಗದ ಹಳ್ಳಿಗಳನ್ನು ಬಲ್ಲವರಿಗೆ ಕಾರಣ ಗೊತ್ತಿರುವುದೇ. ಕಟಿಂಗ್ ಅಂಗಡಿಯವನು ಸಾಮಾನ್ಯವಾಗಿ ತಾನೇ ಬಡವ, ಸಣ್ಣ ಸಂಖ್ಯೆಯ ಜಾತಿಯವನು. ಅವನ ಗಿರಾಕಿಗಳು ಊರಿನ ಹೊಲದ ಒಡೆಯರು. 'ಇವರಿಗೆ ಮಾಡಿದ್ರ ಅವರು ಬರಂಗಿಲ್ಲ' ಎನ್ನುತ್ತಾನೆ. ಸುಳ್ಳಲ್ಲ ಅದು. ಅವನ ಮೇಲೆ ಕೇಸು ಹಾಕಿದರೆ ಜೈಲಿಗೆ ಹೋಗುವುದು ಅವನೊಬ್ಬನೇ. ಅವನಿಗೆ ಹಾಗೆ ಹೇಳಿದ ಊರ ದೈವದವರು, ಅಂದರೆ ಊರ ಹಿರಿಯರು, ಕಟ್ಟೆಯ ಮೇಲೆ ಕೂತೇ ಇರುತ್ತಾರೆ. ಕೇಸು ಹಾಕದಿದ್ದರೆ ಕೇರಿಯ ಹುಡುಗ ಬಸ್ಸಿನ ಚಾರ್ಜು ಕೊಟ್ಟು, ಅರ್ಧ ದಿನದ ಕೂಲಿ ಬಿಟ್ಟು, ಪಟ್ಟಣಕ್ಕೆ ಹೋಗಿ ಕೂದಲು ಕತ್ತರಿಸಿಕೊಳ್ಳುತ್ತಾನೆ. ಠಾಣೆಯ ಯಾವ ಪುಸ್ತಕದಲ್ಲೂ ಈ ವೆಚ್ಚ ದಾಖಲಾಗುವುದಿಲ್ಲ.

ದೂರು ಬಂದಾಗ ಅಧಿಕಾರಿಗಳಿಗೆ ಕೈಗೆಟಕುವ ಮದ್ದು ಶಾಂತಿ ಸಭೆ. ತಹಶೀಲ್ದಾರರು, ಸಮಾಜ ಕಲ್ಯಾಣ ಇಲಾಖೆಯವರು, ಪಿಎಸ್‌ಐ ಊರಿಗೆ ಬರುತ್ತಾರೆ. ಕೇರಿಯ ಇಬ್ಬರನ್ನು ಕರೆದು ಕುರ್ಚಿಯಲ್ಲಿ ಕೂರಿಸಿ ಕ್ಷೌರ ಮಾಡಿಸುತ್ತಾರೆ, ಫೋಟೊ ತೆಗೆಸುತ್ತಾರೆ, ಎಲ್ಲರೂ ಒಟ್ಟಿಗೆ ಚಹಾ ಕುಡಿಯುತ್ತಾರೆ. ವಾರ ಕಳೆಯುವುದರೊಳಗೆ ಅಂಗಡಿಗೆ ಬೀಗ. ಕ್ಷೌರಿಕ ಈಗ ಚೀಲ ಹಿಡಿದು ಮೇಲ್ಜಾತಿಯವರ ಮನೆಮನೆಗೆ ಹೋಗುತ್ತಾನೆ. ಅಂಗಡಿಯೇ ಇಲ್ಲದ ಮೇಲೆ ಪ್ರವೇಶ ನಿರಾಕರಣೆ ಎಲ್ಲಿಂದ ಬಂತು? ಆದರೆ ಸೆಕ್ಷನ್ 6 ಹೇಳುವುದು ಅಂಗಡಿಯ ಬಾಗಿಲ ಮಾತಲ್ಲ, ಸೇವೆಯ ಮಾತು. ಇತರರಿಗೆ ಯಾವ ಸಮಯಕ್ಕೆ, ಎಲ್ಲಿ, ಯಾವ ದರಕ್ಕೆ ಸೇವೆ ಸಿಗುತ್ತದೋ ಹಾಗೆಯೇ ಇವರಿಗೂ ಸಿಗಬೇಕು. ಹಾಗಿರುವಾಗ ಮನೆಗೆ ಹೋಗಿ ಮಾಡುವ ಕ್ಷೌರವೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ದೂರಿನಲ್ಲಿ ಬಿಡಿಸಿ ಬರೆಯಬೇಕು. ಹಾಗೆ ಬರೆಯುವುದು ಬಹಳ ಅಪರೂಪ.

ಮರಕುಂಬಿಯ ತೀರ್ಪಿಗೆ ಎರಡು ತಿಂಗಳ ಮೊದಲು, 2024ರ ಆಗಸ್ಟ್‌ನಲ್ಲಿ, ಇದೇ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದ ವಿಚಾರಕ್ಕೆ ಎದ್ದ ಜಗಳದಲ್ಲಿ ದಲಿತ ಯುವಕನೊಬ್ಬ ಕೊಲೆಯಾದ. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ಮಗು ಗುಡಿಯೊಳಗೆ ಹೋಯಿತೆಂದು ಶುದ್ಧೀಕರಣದ ಹೆಸರಿನಲ್ಲಿ ತಂದೆತಾಯಿಗೆ ದಂಡ ಕೇಳಿದ ಸುದ್ದಿ ದೇಶವೆಲ್ಲ ತಲುಪಿತ್ತು. ಒಂದೇ ಜಿಲ್ಲೆ, ಮೂರು ತಾಲ್ಲೂಕು, ಒಂದೇ ರೋಗ.

ಗುಂಪಿನ ಮೇಲೆ ಆರೋಪ ಸಾಬೀತಾಗುವುದು ಹೇಗೆ

ನೂರಾರು ಮಂದಿಯ ದಾಳಿಯಲ್ಲಿ ಯಾವ ಕಲ್ಲು ಯಾರದ್ದು ಎಂದು ಹೇಳುವುದು ಅಸಾಧ್ಯ. ಅದಕ್ಕೆಂದೇ ದಂಡ ಸಂಹಿತೆಯಲ್ಲಿ ಸೆಕ್ಷನ್ 149 ಇತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 190. ಐದು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟ ಒಂದೇ ಉದ್ದೇಶಕ್ಕೆ ಅಪರಾಧ ಮಾಡಿದರೆ, ಆ ಹೊತ್ತಿನಲ್ಲಿ ಕೂಟದಲ್ಲಿದ್ದ ಪ್ರತಿಯೊಬ್ಬನೂ ಹೊಣೆ. ಇದು ಹರಿತವಾದ ಕತ್ತಿ, ತಪ್ಪಿದರೆ ಜಗಳ ನೋಡಲು ಬಂದು ನಿಂತವನೂ ಒಳಗೆ ಹೋಗುತ್ತಾನೆ. ಸುಪ್ರೀಂ ಕೋರ್ಟ್ 1964ರ ಮಸಾಲ್ತಿ ಪ್ರಕರಣದಲ್ಲಿ ಇದಕ್ಕೊಂದು ಲಗಾಮು ಹಾಕಿತು: ದೊಡ್ಡ ಗುಂಪಿನ ಪ್ರಕರಣದಲ್ಲಿ ಒಬ್ಬ ಸಾಕ್ಷಿಯ ಮಾತಿಗೆ ನಿಲ್ಲದೆ, ಇಬ್ಬರು, ಮೂವರು ಅಥವಾ ಹೆಚ್ಚು ಸಾಕ್ಷಿಗಳು ಒಂದೇ ರೀತಿಯಾಗಿ ಗುರುತಿಸಿದವರನ್ನು ಮಾತ್ರ ಶಿಕ್ಷಿಸುವುದು ಒಳ್ಳೆಯದು.

ಇದರಿಂದ ಹುಟ್ಟುವ ಕೆಲಸದ ಸೂತ್ರ ಹೀಗಿದೆ. ದೂರು ಬರೆಯುವ ದಿನವೇ ಒಂದು ಪಟ್ಟಿ ಮಾಡಬೇಕು. ಎಡಗಡೆ ಸಾಕ್ಷಿಗಳ ಹೆಸರು, ಮೇಲೆ ಆರೋಪಿಗಳ ಹೆಸರು, ಒಳಗಿನ ಚೌಕಗಳಲ್ಲಿ ಯಾರು, ಎಲ್ಲಿ ನಿಂತು, ಕೈಯಲ್ಲಿ ಏನು ಹಿಡಿದು, ಏನು ಮಾಡಿದ ಎಂಬುದು. ಬೆಳಕು ಎಲ್ಲಿಂದ ಬರುತ್ತಿತ್ತು ಎಂಬುದೂ ಬೇಕು, ರಾತ್ರಿಯ ಘಟನೆಯಲ್ಲಿ ಎದುರು ವಕೀಲರ ಪಾಟೀಸವಾಲು ಅಲ್ಲಿಂದಲೇ ಶುರುವಾಗುತ್ತದೆ. ಒಂದೇ ಸಾಲಿನಲ್ಲಿ ಎಪ್ಪತ್ತು ಹೆಸರು ಹೇಳಿ 'ಇವರೆಲ್ಲ ಬಂದು ಹೊಡೆದರು' ಎಂದು ಮುಗಿಸಿದ ಹೇಳಿಕೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಸಿಟ್ಟಿನಲ್ಲಿ ಊರಲ್ಲೇ ಇಲ್ಲದವನ ಹೆಸರು ಒಂದು ಸೇರಿದರೂ ಉಳಿದ ನೂರು ಹೆಸರಿಗೆ ಮಸಿ ಹತ್ತುತ್ತದೆ. ಕೇರಿಯ ಪರವಾಗಿ ನಿಲ್ಲುವ ಸಂಘಟನೆಗಳು ಈ ಶಿಸ್ತನ್ನು ಮೊದಲ ರಾತ್ರಿಯೇ ಪಾಲಿಸಬೇಕು. ಘೋಷಣೆ ಮರುದಿನ ಕೂಗಬಹುದು.

ಬೆಂಕಿಯ ವಿಷಯ ಬೇರೆ. ದಲಿತರ ವಾಸದ ಮನೆ ನಾಶವಾಗುವಂತೆ ಬೆಂಕಿ ಹಚ್ಚಿದರೆ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 3(2)(iv) ಪ್ರಕಾರ ಶಿಕ್ಷೆ ಜೀವಾವಧಿ. ಇಲ್ಲಿ ನ್ಯಾಯಾಧೀಶರಿಗೆ ಕಡಿಮೆ ಮಾಡುವ ಅವಕಾಶವಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಹತ್ತು ವರ್ಷ ಅಥವಾ ಹೆಚ್ಚು ಶಿಕ್ಷೆಯ ಇತರ ಅಪರಾಧಗಳಿಗೆ ಅನ್ವಯಿಸುವ 3(2)(v)ರಲ್ಲಿ 2016ಕ್ಕೆ ಮೊದಲು 'ಸಂತ್ರಸ್ತ ಪರಿಶಿಷ್ಟನೆಂಬ ಕಾರಣಕ್ಕೆ' ಎಂದಿತ್ತು. ಆ 'ಕಾರಣ'ವನ್ನು ಸಾಬೀತು ಮಾಡಲಾಗದೆ ಎಷ್ಟೋ ಪ್ರಕರಣ ಬಿದ್ದುಹೋಗಿವೆ. ಬೆಂಕಿಯ ಉಪಕಲಮಿನಲ್ಲಿ ಆ ಪದವಿಲ್ಲ. ಮನೆ ಪರಿಶಿಷ್ಟರದ್ದು, ಬೆಂಕಿಯಿಂದ ಅದು ನಾಶವಾಗಬಹುದೆಂದು ಹಚ್ಚಿದವನಿಗೆ ಗೊತ್ತಿತ್ತು, ಇಷ್ಟು ತೋರಿಸಿದರೆ ಸಾಕು.

ಆದರೆ 'ಇಷ್ಟು' ತೋರಿಸುವುದೂ ಕಾಗದದ ಕೆಲಸ. ಮನೆ ಯಾರದ್ದೆಂದು ಹೇಳುವುದು ಗ್ರಾಮ ಪಂಚಾಯ್ತಿಯ ಆಸ್ತಿ ದಾಖಲೆ. ಜೋಪಡಿಗೆ ಅದೂ ಇಲ್ಲದಿದ್ದರೆ ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಪಿಡಿಒ ಕೊಡುವ ವಾಸದ ದೃಢೀಕರಣ. ಸುಟ್ಟ ತೊಲೆ, ಬೂದಿ, ಸೀಮೆಎಣ್ಣೆ ವಾಸನೆಯ ಬಟ್ಟೆ ಇವನ್ನು ಮಹಜರು ಮಾಡಿ ಮೊಹರು ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕು. ಸಂಬಂಧಿಕರು ಕರುಣೆಯಿಂದ ಮರುದಿನವೇ ಗುಡಿಸಿ ಸಾರಿಸಿಬಿಡುತ್ತಾರೆ, ಅಲ್ಲಿಗೆ ಅರ್ಧ ಸಾಕ್ಷ್ಯ ಹೋಯಿತು. ಮಹಜರಿಗೆ ಅದೇ ಊರಿನ ಪಂಚರನ್ನು (ಮಹಜರಿನ ಸಾಕ್ಷಿಗಳನ್ನು) ಕರೆದರೆ ಅವರು ಮುಂದೆ ಉಲ್ಟಾ ಹೊಡೆಯುವುದು ಹೆಚ್ಚುಕಡಿಮೆ ಖಾತ್ರಿ. ಸರ್ಕಾರಿ ನೌಕರರನ್ನು ಪಂಚರಾಗಿ ಕರೆಯುವುದು ಜಾಣತನ.

ಇನ್ನು ಜಾತಿ ಪ್ರಮಾಣಪತ್ರ. ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದಲೇ ಇದನ್ನು ಮರೆಯುತ್ತಾರೆ. ಸಂತ್ರಸ್ತರದ್ದಷ್ಟೇ ಸಾಲದು, ಪ್ರತಿ ಆರೋಪಿಯ ಜಾತಿಯ ಬಗ್ಗೆಯೂ ತಹಶೀಲ್ದಾರರ ವರದಿ ಕಡತದಲ್ಲಿರಬೇಕು. 117 ಆರೋಪಿಗಳೆಂದರೆ 117 ವರದಿ. ಒಂದು ಕಾಗದ ತಪ್ಪಿದರೆ ಆ ಒಬ್ಬನ ಮಟ್ಟಿಗೆ ಇಡೀ ಕಾಯ್ದೆ ಕೈಬಿಟ್ಟುಹೋಗುತ್ತದೆ. ತನಿಖಾಧಿಕಾರಿ ಯಾರೆಂಬುದೂ ಮುಖ್ಯ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ 7ನೇ ನಿಯಮದಂತೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದವರೇ ತನಿಖೆ ಮಾಡಬೇಕು. ಕೆಲಸವೆಲ್ಲ ಸಬ್ ಇನ್‌ಸ್ಪೆಕ್ಟರ್ ಮಾಡಿ ಸಾಹೇಬರು ಸಹಿ ಮಾತ್ರ ಹಾಕಿದ್ದಾರೆಂದು ಪಾಟೀಸವಾಲಿನಲ್ಲಿ ಹೊರಬಿದ್ದರೆ ಪ್ರತಿವಾದಿ ವಕೀಲರಿಗೆ ಹಬ್ಬ.

ಎರಡು ತಿಂಗಳು, ಹತ್ತು ವರ್ಷ

ವಿಶೇಷ ನ್ಯಾಯಾಲಯ ದೋಷಾರೋಪ ಪಟ್ಟಿ ಸಲ್ಲಿಕೆಯಾದ ಎರಡು ತಿಂಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ವಿಚಾರಣೆ ಮುಗಿಸಬೇಕೆಂದು ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿಯಾದ ಸೆಕ್ಷನ್ 14 ಹೇಳುತ್ತದೆ. ಮರಕುಂಬಿಯಲ್ಲಿ ಘಟನೆಯಿಂದ ಶಿಕ್ಷೆಯವರೆಗೆ ಹತ್ತು ವರ್ಷ ಎರಡು ತಿಂಗಳು. ನೂರು ದಾಟಿದ ಆರೋಪಿಗಳ ಪ್ರಕರಣ ಹೇಗೆ ಎಳೆಯುತ್ತದೆ ಎಂಬುದನ್ನು ತಿಳಿಯಲು ಒಂದು ವಾಯಿದೆಯ ದಿನ ಕೋರ್ಟಿನ ಜಗುಲಿಯಲ್ಲಿ ನಿಂತರೆ ಸಾಕು. ಎಲ್ಲ ಆರೋಪಿಗಳ ಹೆಸರು ಕೂಗಿ ಹಾಜರಿ ಹಾಕುವುದರಲ್ಲೇ ಹೊತ್ತು ಹೋಗುತ್ತದೆ. ಐದು ಮಂದಿ ಬಂದಿಲ್ಲ. ವಿನಾಯಿತಿ ಅರ್ಜಿ, ಇಲ್ಲವೇ ವಾರಂಟು. ಒಬ್ಬ ಸಾಕ್ಷಿಯನ್ನು ಒಬ್ಬ ವಕೀಲರು ಪಾಟೀಸವಾಲು ಮಾಡಿದ ಮೇಲೆ ಇನ್ನೊಬ್ಬರು, ಮತ್ತೊಬ್ಬರು. ಯಾರಾದರೂ ತೀರಿಕೊಂಡರೆ ಮರಣ ಪ್ರಮಾಣಪತ್ರ ಬಂದು, ಅವರ ಮಟ್ಟಿಗೆ ಪ್ರಕರಣ ಕೈಬಿಡುವ ಆದೇಶವಾಗಬೇಕು. ಸಾಕ್ಷ್ಯ ಮುಗಿದ ಮೇಲೆ ಪ್ರತಿ ಆರೋಪಿಗೂ ಅವನ ವಿರುದ್ಧದ ಸಂಗತಿಗಳನ್ನು ಪ್ರಶ್ನೆಗಳಾಗಿ ಓದಿ ಉತ್ತರ ಬರೆದುಕೊಳ್ಳಬೇಕು. ಅವಸರಕ್ಕೆ ಒಬ್ಬನಿಗೆ ಒಂದು ಮುಖ್ಯ ಪ್ರಶ್ನೆ ಬಿಟ್ಟರೆ ಮೇಲ್ಮನವಿಯಲ್ಲಿ ಅದೇ ಬಿರುಕಾಗುತ್ತದೆ. ಹೀಗಾಗಿ ವಿಳಂಬಕ್ಕೆ ನ್ಯಾಯಾಲಯವನ್ನೊಂದೇ ದೂರುವುದು ನ್ಯಾಯವಲ್ಲ.

ಈ ಹತ್ತು ವರ್ಷವೂ ಸಾಕ್ಷಿ ಮತ್ತು ಆರೋಪಿ ಒಂದೇ ಊರಿನವರು. ಒಂದೇ ಬಸ್ಸು, ಒಂದೇ ರೇಷನ್ ಅಂಗಡಿ. ಇಂಥ ಊರುಗಳಲ್ಲಿ ಎಷ್ಟೋ ಸಲ ಸಾಕ್ಷಿಗೆ ಕೂಲಿ ಕೊಡುವ ಹೊಲವೂ ಆರೋಪಿಯ ಮನೆತನದ್ದೇ. ಒತ್ತಡವೆಂದರೆ ಬೆದರಿಕೆಯೇ ಆಗಬೇಕಿಲ್ಲ. 'ನಾಳೆಯಿಂದ ಕೆಲಸಕ್ಕ ಬರಬ್ಯಾಡ' ಎಂಬ ಒಂದು ಮಾತು ಸಾಕು. ಜೊತೆಗೆ ಕೌಂಟರ್ ಕೇಸಿನ ಆಟ ಇದೆ. ದಾಳಿಯಾದ ಬೆನ್ನಿಗೇ ಎದುರು ಕಡೆಯವರೂ ಒಂದು ದೂರು ಕೊಡುತ್ತಾರೆ, ವರ್ಷ ಕಳೆದ ಮೇಲೆ 'ನೀವೂ ತೆಗೀರಿ, ನಾವೂ ತೆಗೀತೀವಿ' ಎಂದು ರಾಜಿಗೆ ಕೂರಿಸುತ್ತಾರೆ.

ಈ ಹಂತದಲ್ಲಿ ಕಂಬಾಲಪಲ್ಲಿ ನೆನಪಾಗದೆ ಇರದು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಆ ಊರಿನಲ್ಲಿ ಏಳು ದಲಿತರು ಜೀವಂತ ಸುಟ್ಟುಹೋದರು. ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು. ಹೈಕೋರ್ಟ್ ಆ ಬಿಡುಗಡೆಯನ್ನು ಎತ್ತಿಹಿಡಿದದ್ದು 2014ರ ಆಗಸ್ಟ್‌ನಲ್ಲಿ, ಮರಕುಂಬಿಗೆ ಬೆಂಕಿ ಬಿದ್ದ ಅದೇ ತಿಂಗಳು. ಏಳು ಹೆಣ ಬಿದ್ದ ಊರಿನಲ್ಲಿ ಸಾಬೀತಾಗದ್ದು ಮರಕುಂಬಿಯಲ್ಲಿ ಸಾಬೀತಾಗಲು ಇಲ್ಲಿನ ಸಾಕ್ಷಿಗಳು ಹತ್ತು ವರ್ಷ ಮಾತು ತಪ್ಪದೆ ನಿಂತದ್ದೇ ದೊಡ್ಡ ಕಾರಣ ಎಂಬುದು ಈ ಅಧ್ಯಯನದ ಅಭಿಪ್ರಾಯ. ಊರ ಹೊರಗಿನ ಸಂಘಟನೆಗಳ ಬೆನ್ನಾಸರೆ ಇಲ್ಲದೆ ಹಾಗೆ ನಿಲ್ಲುವುದು ಕಷ್ಟ.

ಅಂಥ ಆಸರೆಗೆ ಕಾನೂನಿನಲ್ಲಿ ಜಾಗವಿದೆ, ಬಳಸುವವರು ಕಡಿಮೆ. ಸಾಕ್ಷಿಗೆ ಕೋರ್ಟಿಗೆ ಬರಲು ಪ್ರಯಾಣ ಭತ್ಯೆ, ದಿನದ ಕೂಲಿ ನಷ್ಟ ಕೊಡಬೇಕೆಂದು ಅದೇ 1995ರ ನಿಯಮಗಳ 11ನೇ ನಿಯಮ ಹೇಳುತ್ತದೆ. ವಾಯಿದೆಯ ದಿನವೇ ಬರೆದು ಕೇಳದಿದ್ದರೆ ಅದು ಸಿಗುವುದಿಲ್ಲ. ಸಂತ್ರಸ್ತರು ಬಯಸಿದರೆ ಹಿರಿಯ ವಕೀಲರೊಬ್ಬರನ್ನು ವಿಶೇಷ ಅಭಿಯೋಜಕರಾಗಿ ನೇಮಿಸಲು 4ನೇ ನಿಯಮ ಜಿಲ್ಲಾಧಿಕಾರಿಗೆ ಅಧಿಕಾರ ಕೊಡುತ್ತದೆ. ಪರಿಹಾರದ ಹಣ ಈಗಿನ ಪಟ್ಟಿಯಂತೆ ಅಪರಾಧಕ್ಕೆ ತಕ್ಕ ಹಾಗೆ 85 ಸಾವಿರದಿಂದ 8.25 ಲಕ್ಷ ರೂಪಾಯಿ, ಎಫ್‌ಐಆರ್, ದೋಷಾರೋಪ, ಶಿಕ್ಷೆ ಹೀಗೆ ಹಂತಹಂತವಾಗಿ. ಸುಟ್ಟ ಮನೆಯನ್ನು ಸರ್ಕಾರದ ಖರ್ಚಿನಲ್ಲಿ ಇಟ್ಟಿಗೆ ಅಥವಾ ಕಲ್ಲಿನಲ್ಲಿ ಕಟ್ಟಿಕೊಡಬೇಕು. ಮೊದಲ ಕಂತು ಬೇಗ ಬಂದರೆ ಸಾಕ್ಷಿ ನಿಲ್ಲುತ್ತಾನೆ. ಎರಡು ವರ್ಷ ತಡವಾದರೆ ಅಷ್ಟರಲ್ಲಿ ಅವನು ಎದುರಿನವರಿಂದಲೇ ಸಾಲ ತಂದಿರುತ್ತಾನೆ.

ಜಾಗೃತಿ ಸಮಿತಿಯ ಕಡತ

ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕೆಂದು 17ನೇ ನಿಯಮ ಹೇಳುತ್ತದೆ. ಅಲ್ಲಿ ಸಾಮಾನ್ಯವಾಗಿ ಓದುವುದು ಇಷ್ಟು ಪ್ರಕರಣ ದಾಖಲು, ಇಷ್ಟು ಬಾಕಿ, ಇಷ್ಟು ಪರಿಹಾರ ಎಂಬ ಅಂಕಿ. ದಾಖಲಾಗದ ಕ್ಷೌರದ ನಿರಾಕರಣೆ ಆ ಪಟ್ಟಿಯೊಳಗೆ ಬರುವುದು ಹೇಗೆ? ಗ್ರಾಮಸಭೆಯ ನಡಾವಳಿ ಪುಸ್ತಕ ತೆರೆದರೂ ಚರಂಡಿ, ಮನೆ, ಬೋರ್‌ವೆಲ್ ಸಿಗುತ್ತವೆ, ಕಟಿಂಗ್ ಅಂಗಡಿಯ ಮಾತು ಸಿಗುವುದು ಅಪರೂಪ. ಮೀಸಲು ಸ್ಥಾನದಿಂದ ಗೆದ್ದ ಪಂಚಾಯ್ತಿ ಸದಸ್ಯನೂ ಪಂಚಾಯ್ತಿ ಕಟ್ಟಡದಲ್ಲಿ ಕುರ್ಚಿಯ ಮೇಲೆ ಕೂತು, ಎದುರಿನ ಹೋಟೆಲಿನ ಚಹಾವನ್ನು ಹೊರಗೆ ನಿಂತು ಕುಡಿಯುವ ಊರುಗಳಿವೆ.

ಮಾಡಬಹುದಾದದ್ದು ದೊಡ್ಡದೇನಲ್ಲ. ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿ ಪ್ರತಿ ಊರಿನ ಕ್ಷೌರದ ಅಂಗಡಿ, ಹೋಟೆಲು, ಗುಡಿ, ಕುಡಿಯುವ ನೀರಿನ ಜಾಗಗಳ ಪಟ್ಟಿ ಇಟ್ಟು, ಪ್ರವೇಶ ಇದೆಯೇ ಎಂದು ಮೂರು ತಿಂಗಳಿಗೊಮ್ಮೆ ಮುನ್ಸೂಚನೆ ಕೊಡದೆ ನೋಡಿ ಬರೆಯಬೇಕು. ಮುನ್ಸೂಚನೆ ಕೊಟ್ಟರೆ ಅದು ಮತ್ತೆ ಫೋಟೊ ಕಾರ್ಯಕ್ರಮವಾಗುತ್ತದೆ. ಪಂಚಾಯ್ತಿ ಮಳಿಗೆಯನ್ನು ಬಾಡಿಗೆಗೆ ಕೊಡುವಾಗ ಕರಾರಿನಲ್ಲೇ 'ಯಾರಿಗೂ ಸೇವೆ ನಿರಾಕರಿಸುವಂತಿಲ್ಲ' ಎಂಬ ಷರತ್ತು ಹಾಕಿದರೆ ಅಂಗಡಿಯವನಿಗೂ ಊರವರೆದುರು ಹೇಳಲು ಒಂದು ನೆಪ ಸಿಗುತ್ತದೆ: 'ನಾ ಏನ್ ಮಾಡ್ಲಿ, ಮಳಿಗಿ ಹೋಗ್ತೈತಿ.' ಆ ನೆಪ ಅವನಿಗೆ ಬಹಳ ಬೇಕಾಗಿದೆ. ಅಂಗಡಿ ಮುಚ್ಚಿಸಿದವರು, ಬಹಿಷ್ಕಾರ ಸಾರಿದವರು ಯಾರೆಂದು ಗೊತ್ತಾದರೆ ಈಗ ದೌರ್ಜನ್ಯ ತಡೆ ಕಾಯ್ದೆಯ 3(1)(ಝೆಡ್‌ಸಿ) ಅಡಿ ಕೇಸು ಅವರ ಮೇಲೆ ಹಾಕಬೇಕು, ಕತ್ತರಿ ಹಿಡಿದವನೊಬ್ಬನ ಮೇಲೆಯೇ ನಿಲ್ಲಿಸಬಾರದು. ದೂರು ಬಂದರೂ ಬೇಕೆಂದೇ ದಾಖಲಿಸದ ಅಧಿಕಾರಿಗೆ ಅದೇ ಕಾಯ್ದೆಯ ಸೆಕ್ಷನ್ 4ರಲ್ಲಿ ಆರು ತಿಂಗಳಿಂದ ಒಂದು ವರ್ಷದ ಶಿಕ್ಷೆಯಿದೆ. ಅದನ್ನು ಜಾಗೃತಿ ಸಮಿತಿಯ ನಡಾವಳಿಯಲ್ಲಿ ಒಮ್ಮೆ ಬರೆಸಿದರೂ ಠಾಣೆಯ ಧಾಟಿ ಬದಲಾಗುತ್ತದೆ.

ತೀರ್ಪಿನ ನಂತರ

2024ರ ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅಪರಾಧಿಗಳಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು. ಕೇರಿಯಲ್ಲಿ ಇದನ್ನು 'ಬಿಟ್ಟುಬಿಟ್ಟರು' ಎಂದು ಅರ್ಥಮಾಡಿಕೊಳ್ಳುವುದು ಸಹಜ. ಜಾಮೀನೆಂದರೆ ಮೇಲ್ಮನವಿ ತೀರ್ಮಾನವಾಗುವವರೆಗೆ ಶಿಕ್ಷೆಯ ಅಮಾನತು ಮಾತ್ರ, ಅಪರಾಧದ ತೀರ್ಮಾನ ಹಾಗೆಯೇ ಇರುತ್ತದೆ. ನೂರರಷ್ಟು ಮಂದಿಗೆ ಒಟ್ಟಾಗಿ ಜೀವಾವಧಿ ಕೊಟ್ಟ ತೀರ್ಪನ್ನು ಮೇಲಿನ ನ್ಯಾಯಾಲಯ ಒಬ್ಬೊಬ್ಬರ ಹೆಸರಿನ ಮುಂದೆಯೂ ಸಾಕ್ಷ್ಯ ಇಟ್ಟು ನೋಡಲೇಬೇಕು. ಮಸಾಲ್ತಿಯ ಅಳತೆಗೋಲು ಅಲ್ಲಿ ಮತ್ತೆ ಬರುತ್ತದೆ, ಕೆಲವರ ವಿಷಯದಲ್ಲಿ ಫಲಿತಾಂಶ ಬದಲಾದರೆ ಆಶ್ಚರ್ಯಪಡಬೇಕಿಲ್ಲ.

ಈ ಹಂತದಲ್ಲಿ ಕೇರಿಯವರಿಗೆ ಕೆಲಸವಿಲ್ಲ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 15ಎ(5) ಪ್ರಕಾರ ಜಾಮೀನು, ಪೆರೋಲ್, ಅಪರಾಧ ನಿರ್ಣಯ, ಶಿಕ್ಷೆ ಯಾವುದರ ವಿಚಾರಣೆಯಲ್ಲೂ ಸಂತ್ರಸ್ತರ ಮಾತು ಕೇಳಬೇಕು. ಅವರಿಗೆ ನೋಟಿಸು ಕೊಡುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2021ರ ಹರಿರಾಮ್ ಭಾಂಭಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಮೇಲ್ಮನವಿಯ ಸಂಖ್ಯೆ ತಿಳಿದುಕೊಂಡು, ಸಂತ್ರಸ್ತರಲ್ಲಿ ಇಬ್ಬರ ಹೆಸರಿನಲ್ಲಿ ಧಾರವಾಡದ ವಕೀಲರೊಬ್ಬರಿಂದ ವಕಾಲತ್ತು ಹಾಕಿಸಬೇಕು. ಶುಲ್ಕಕ್ಕೆ ಹಣವಿಲ್ಲದಿದ್ದರೆ ಹೈಕೋರ್ಟಿನ ಕಾನೂನು ಸೇವಾ ಸಮಿತಿಗೆ ಅರ್ಜಿ, ಪರಿಶಿಷ್ಟರಿಗೆ ಅಲ್ಲಿ ಆದಾಯದ ಮಿತಿ ಇಲ್ಲ. ಜಾಮೀನಿನ ಮೇಲೆ ಬಂದವರು ಊರಿನಲ್ಲಿ ಕೂಲಿ ಬಂದ್ ಮಾಡಿಸಿದರೆ ಅಥವಾ ಸಾಕ್ಷಿಯ ಮನೆಯ ಮುಂದೆ ನಿಂತು ಮಾತಾಡಿದರೆ ದಿನಾಂಕ, ಹೊತ್ತು, ಹಾಜರಿದ್ದವರ ಹೆಸರು ಹಾಕಿ ಅಂದೇ ಠಾಣೆಗೆ ಬರೆದುಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ನಕಲನ್ನು ಧಾರವಾಡದ ವಕೀಲರಿಗೆ ಕಳಿಸಬೇಕು.